ದ್ರಾಕ್ಷಾರಸಕ್ಕೆ ಉತ್ಸವ, ಕಳ್ಳಿಗೇಕೆ ಕಳಂಕ?

ಬೆಂಗಳೂರಿನ ಹೋಟೆಲೊಂದರಲ್ಲಿ ಈಚೆಗೆ ಇಟಲಿಯ ದ್ರಾಕ್ಷಾರಸಗಳ ರುಚಿ ನೋಡುವ ಕಾರ್ಯಕ್ರಮವೊಂದು ನಡೆಯಿತು. ಗೆಳೆಯರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ಹೋಗಿದ್ದೆ. ಬಂಟ್ವಾಳ ತಾಲೂಕಿನ ಹಳ್ಳಿಯೊಂದರಲ್ಲಿ, ನೇತ್ರಾವತಿಯ ದಡದ ತೆಂಗು ಕಂಗುಗಳ ನಡುವೆ ಬೆಳೆದ ನನ್ನಂಥವನಿಗೆ ಅಲ್ಲಿ ಏನು ಕೆಲಸ ಎಂಬ ಅಳುಕು ಇದ್ದೇ ಇತ್ತು. ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಮೇಜು. ಪ್ರತಿಯೊಬ್ಬರ ಮುಂದೆ ಐದು ಗಾಜಿನ ಬಟ್ಟಲುಗಳು. ನಡುನಡುವೆ ಬಾಯಿ ಶುದ್ಧ ಮಾಡಿಕೊಳ್ಳಲು ನೀರು ಮತ್ತು ಬ್ರೆಡ್ಡಿನ ತುಂಡುಗಳು. ರುಚಿ ನೋಡಿದ ಮೇಲೆ ಉಗುಳುವುದಕ್ಕೊಂದು ಪಾತ್ರೆ. ಕುಡಿಯಲು ಕರೆದವರೇ ಉಗುಳಲು ಪಾತ್ರೆ ಇಟ್ಟದ್ದನ್ನು ಕಂಡು ಮೊದಲು ನಗು ಬಂತು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಆ ಸಂಜೆಯ ಅತ್ಯಂತ ಅರ್ಥಪೂರ್ಣ ವಸ್ತು ಅದೇ ಎನ್ನಿಸಿತು. ಅಲ್ಲಿ ಸೇರಿದವರ ಗಮನವೆಲ್ಲ ಅಮಲಿನ ಮೇಲಲ್ಲ, ರುಚಿಯ ಅರಿವಿನ ಮೇಲಿತ್ತು.

ಮೊದಲು ಬಂದದ್ದು ವೆನಿಸ್ ನಗರದ ಉತ್ತರಕ್ಕಿರುವ ಗುಡ್ಡಗಳ ಪ್ರೊಸೆಕ್ಕೊ. ನೊರೆಯುಕ್ಕುವ, ತೆಳ್ಳನೆಯ ಪಾನೀಯ. ಅನಂತರ ಸಾನ್ ಜಿಮಿಞಾನೊ ಎಂಬ ಪುಟ್ಟ ಊರಿನ ಬಿಳಿಯ ವೆರ್ನಾಚ್ಚಾ. ಮೂರನೆಯದು ತೊಸ್ಕಾನಾ ಪ್ರಾಂತದ ಕಿಯಾಂತಿ. ಹಿಂದೆ ಇದನ್ನು ಹುಲ್ಲಿನ ಹೆಣಿಗೆ ತೊಡಿಸಿದ ಗುಂಡುಹೊಟ್ಟೆಯ ಸೀಸೆಗಳಲ್ಲಿ ತುಂಬುತ್ತಿದ್ದರಂತೆ. ಚಿತ್ರವನ್ನು ನೋಡಿದಾಗ ನಮ್ಮ ಕಡೆಯ ಸೋರೆಬುರುಡೆ ನೆನಪಾಯಿತು. ಆಮೇಲೆ ದಕ್ಷಿಣದ ಬಿಸಿಲು ನಾಡಾದ ಪುಲಿಯಾದ ಪ್ರಿಮಿತಿವೊ. ಕೊನೆಯದು ಪಿಯೆಮೊಂತೆಯ ಬರೋಲೊ. ಸಾವಿರ ಜನರೂ ಇಲ್ಲದ ಒಂದು ಹಳ್ಳಿಯ ಹೆಸರು ಅದು. ಆ ಹಳ್ಳಿಯ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ದ್ರಾಕ್ಷಿಯ ತಳಿಗೆ ನೆಬ್ಬಿಯೋಲೊ ಎಂದು ಹೆಸರು. ಇಟಲಿಯ ಭಾಷೆಯಲ್ಲಿ ‘ನೆಬ್ಬಿಯಾ’ ಎಂದರೆ ಮಂಜು. ಶರದೃತುವಿನ ಮಂಜು ಕವಿಯುವ ಹೊತ್ತಿಗೆ ಹಣ್ಣಾಗುವ ದ್ರಾಕ್ಷಿಯಾದ್ದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಚಾರ್ಮಾಡಿ ಘಾಟಿಯ ಮಂಜನ್ನು ಕಂಡ ಬೆಳ್ತಂಗಡಿಯವರಿಗೆ ಈ ಹೆಸರಿನ ಸೊಗಸು ಕೂಡಲೇ ಮನಸ್ಸಿಗೆ ಇಳಿದೀತು.

ಬರೋಲೊದ ರುಚಿಯನ್ನು ವಿವರಿಸುವಾಗ ನಿರೂಪಕರು ಬಹಳ ಹೊತ್ತು ತಿಣುಕಿದರು. ನಾಲಿಗೆಯನ್ನು ಒಣಗಿಸುವಂಥದು, ಒಸಡನ್ನು ಹಿಡಿದುಕೊಳ್ಳುವಂಥದು, ಟ್ಯಾನಿನ್ ಎಂಬ ಅಂಶದಿಂದ ಬರುವಂಥದು ಎಂದೆಲ್ಲ ಹೇಳಿದರು. ಇಂಗ್ಲಿಷಿನಲ್ಲಿ ಐದು ನಿಮಿಷ ತೆಗೆದುಕೊಂಡ ಆ ವಿವರಣೆಗೆ ಕನ್ನಡದಲ್ಲಿ ಮೂರಕ್ಷರದ ಒಂದು ಮಾತು ಸಾಕು: ಒಗರು. ಎಳೆಯ ಅಡಿಕೆಯನ್ನು ಜಗಿದವನಿಗೆ, ಹಲಸಿನ ಗುಜ್ಜೆಯನ್ನೂ ಬಾಳೆಯ ಹೂವನ್ನೂ ಹೆಚ್ಚಿದವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಸಾಲಿನಲ್ಲಿ ಆರನೆಯದಾಗಿ ಒಗರನ್ನು ಎಣಿಸಿದ ನಾಡು ನಮ್ಮದು. ರುಚಿಯನ್ನು ಗುರುತಿಸುವ ನಾಲಿಗೆಯಾಗಲಿ, ಅದನ್ನು ಹೆಸರಿಸುವ ಮಾತಾಗಲಿ ನಮಗೆ ಹೊಸತಲ್ಲ. ಕಾಟುಮಾವಿನ ಒಂದೊಂದು ಮರಕ್ಕೂ ಒಂದೊಂದು ಹೆಸರಿಟ್ಟು, ಯಾವ ಮರದ ಮಿಡಿ ಎಷ್ಟು ವರ್ಷ ಉಪ್ಪಿನಲ್ಲಿ ಕೆಡದೆ ಉಳಿಯುತ್ತದೆ ಎಂದು ಬಲ್ಲ ಅಜ್ಜಿಯಂದಿರು ನಮ್ಮ ಮನೆಗಳಲ್ಲಿದ್ದರು. ಹೀಗಿದ್ದೂ ಒಂದು ಪಾನೀಯದ ವಿಷಯದಲ್ಲಿ ಮಾತ್ರ ನಾವು ನಮ್ಮ ನಾಲಿಗೆಯನ್ನು ನಂಬಲಿಲ್ಲ. ಅದನ್ನು ಇಳಿಸುವವನನ್ನೂ ನಂಬಲಿಲ್ಲ. ಇಟಲಿಯ ಐದು ಬಟ್ಟಲುಗಳ ಮುಂದೆ ಕುಳಿತಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಕಳ್ಳು; ತುಳುವಿನಲ್ಲಿ ಹೇಳುವುದಾದರೆ ಕಲಿ.

ನಮ್ಮ ನೆರೆಯಲ್ಲಿ ಮೂರ್ತೆಯ ಕೆಲಸ ಮಾಡುವವರೊಬ್ಬರಿದ್ದರು. ಕರಾವಳಿಯ ಹೊರಗಿನವರಿಗಾಗಿ ಹೇಳಬೇಕು: ಮರದಿಂದ ಕಳ್ಳು ಇಳಿಸುವ ಕಸುಬಿಗೆ ನಮ್ಮಲ್ಲಿ ಮೂರ್ತೆ ಎನ್ನುತ್ತಾರೆ, ಬಿಲ್ಲವ ಸಮುದಾಯದ ಅನೇಕರ ಪಾರಂಪರಿಕ ಕಸುಬು ಅದು. ನಾವು ಮಕ್ಕಳು ಅವರನ್ನು ‘ಪೂಜಾರಿ ಅಣ್ಣ’ ಎನ್ನುತ್ತಿದ್ದೆವು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅವರು ಮರ ಏರುತ್ತಿದ್ದರು. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟುವುದು, ದಿನಗಟ್ಟಲೆ ಅದನ್ನು ಹದವಾಗಿ ಬಡಿದು ಮೆತ್ತಗಾಗಿಸುವುದು, ತುದಿಯನ್ನು ಕಾಗದದಷ್ಟು ತೆಳ್ಳಗೆ ಕೆತ್ತುವುದು, ತೊಟ್ಟಿಕ್ಕುವ ರಸಕ್ಕೆ ಪಾತ್ರೆ ಕಟ್ಟುವುದು. ಬಡಿತ ಜೋರಾದರೆ ಹೊಂಬಾಳೆ ಕೊಳೆಯುತ್ತದೆ. ಹಗುರಾದರೆ ರಸ ಇಳಿಯುವುದಿಲ್ಲ. ಅವರ ಮನೆಯ ಜಗಲಿಯಲ್ಲಿ ಒಮ್ಮೆ ನಮ್ಮ ತಂದೆ ಎರಡು ಪಾತ್ರೆಗಳತ್ತ ನೋಡುತ್ತ, ‘ಎರಡೂ ಒಂದೇ ಅಲ್ಲವೇನು?’ ಎಂದು ಕೇಳಿದ್ದರು. ‘ಹೇಗೆ ಒಂದಾಗ್ತದೆ ಮಾಸ್ಟ್ರೇ? ಇದು ಹೊಳೆಕರೆಯ ಮರದ್ದು, ಅದು ಗುಡ್ಡೆಯ ಮರದ್ದು. ಇದಕ್ಕೆ ನೀರು ಜಾಸ್ತಿ, ಅದಕ್ಕೆ ಸಿಹಿ ಜಾಸ್ತಿ. ಮೂಸಿದರೇ ಗೊತ್ತಾಗ್ತದೆ’ ಎಂದಿದ್ದರು ಪೂಜಾರಿ ಅಣ್ಣ. ಬರೋಲೊದ ಒಂದು ಗುಡ್ಡಕ್ಕೂ ಪಕ್ಕದ ಗುಡ್ಡಕ್ಕೂ ರುಚಿಯಲ್ಲಿರುವ ವ್ಯತ್ಯಾಸವನ್ನು ನಕ್ಷೆ ತೋರಿಸಿ ವಿವರಿಸಿದ ನಿರೂಪಕರು ಹೇಳಿದ್ದೂ ಬೇರೇನಲ್ಲ. ವ್ಯತ್ಯಾಸವೆಂದರೆ ಇವರ ಮಾತನ್ನು ನಲವತ್ತು ಜನ ಟಿಪ್ಪಣಿ ಮಾಡಿಕೊಂಡರು. ಪೂಜಾರಿ ಅಣ್ಣನ ಮಾತನ್ನು ಕೇಳಿದ್ದು ಒಬ್ಬ ಶಾಲಾ ಮಾಸ್ತರರು ಮತ್ತು ಅವರ ಮಗ.

ಇಟಲಿಯ ದ್ರಾಕ್ಷಾರಸಕ್ಕೂ ನಮ್ಮ ಕರಾವಳಿಗೂ ಇರುವ ನಂಟು ಹೊಸದೇನಲ್ಲ ಎಂಬುದು ಇಲ್ಲಿ ಗಮನಾರ್ಹ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ನೌಕಾಯಾನದ ಕೈಪಿಡಿ, ಭಾರತದ ಪಶ್ಚಿಮ ತೀರದ ಬಂದರುಗಳಿಗೆ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ದ್ರಾಕ್ಷಾರಸವನ್ನು ಹೆಸರಿಸುತ್ತದೆ. ಭರೂಚಿನ ಬಂದರಿನಲ್ಲಿ ಇಟಲಿಯದಕ್ಕೇ ಹೆಚ್ಚಿನ ಬೇಡಿಕೆಯಿತ್ತೆಂದೂ ಹೇಳುತ್ತದೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಪ್ರಕೃತಿ ಇತಿಹಾಸದ ಗ್ರಂಥದಲ್ಲಿ ತಾಳೆಯ ಜಾತಿಯ ಮರಗಳಿಂದ ತಯಾರಾಗುವ ಪಾನೀಯವನ್ನು ಭಾರತೀಯರೂ ಸೇರಿದಂತೆ ಪೂರ್ವದೇಶದವರೆಲ್ಲ ಬಳಸುತ್ತಾರೆಂದು ದಾಖಲಿಸಿದ್ದಾನೆ. ಅವನು ಹೆಸರಿಸುವ ‘ನೈಟ್ರಿಯಾಸ್’ ಎಂಬ ಸ್ಥಳವನ್ನು ಕೆಲವು ವಿದ್ವಾಂಸರು ನೇತ್ರಾವತಿಯ ಮುಖಜ ಪ್ರದೇಶದೊಡನೆ ಗುರುತಿಸುತ್ತಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ಕ್ರಿ.ಶ. 2ನೆಯ ಶತಮಾನದ್ದೆನ್ನಲಾದ ಗ್ರೀಕ್ ಪ್ರಹಸನವೊಂದರ ಕಥೆಯಂತೂ ನಗು ತರಿಸುವಂಥದು. ಭಾರತದ ತೀರದಲ್ಲಿ ಸೆರೆಯಾದ ಕ್ಯಾರಿಟಿಯನ್ ಎಂಬ ತರುಣಿಯನ್ನು ಬಿಡಿಸಿಕೊಳ್ಳಲು ಬಂದ ಗ್ರೀಕರು, ಇಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿಸಿ, ಅವಳನ್ನು ಕರೆದೊಯ್ಯುತ್ತಾರೆ. ಅದರಲ್ಲಿ ಬರುವ ಅನ್ಯಭಾಷೆಯ ಮಾತುಗಳು ಕನ್ನಡವೋ ತುಳುವೋ ಎಂಬುದನ್ನು ಮಂಜೇಶ್ವರದ ಗೋವಿಂದ ಪೈಯವರಂಥ ವಿದ್ವಾಂಸರು ಚರ್ಚಿಸಿದ್ದಾರೆ. ಆ ಚರ್ಚೆ ಏನೇ ಇರಲಿ. ಪರಸ್ಥಳದ ಪಾನೀಯದ ಮುಂದೆ ನಮ್ಮವರು ಮೈಮರೆಯುತ್ತಾರೆ ಎಂಬ ಆ ಪ್ರಹಸನಕಾರನ ಗೇಲಿ ಇಂದಿಗೂ ಅಷ್ಟೇನೂ ಹಳತಾಗಿಲ್ಲ.

ಇಟಲಿಯ ದ್ರಾಕ್ಷಾರಸಕ್ಕೆ ಇಂದಿರುವ ಗೌರವ ಕೇವಲ ರುಚಿಯಿಂದ ಬಂದದ್ದೆಂದು ಭಾವಿಸಿದರೆ ತಪ್ಪಾಗುತ್ತದೆ. ಅದರ ಹಿಂದೆ ಕಾನೂನಿನ ದೀರ್ಘ ಇತಿಹಾಸವಿದೆ. 1716ರಷ್ಟು ಹಿಂದೆಯೇ ತೊಸ್ಕಾನಾದ ಅರಸ ಮೂರನೆಯ ಕೋಸಿಮೊ, ಕಿಯಾಂತಿ ಎಂಬ ಹೆಸರನ್ನು ಯಾವ ಯಾವ ಎಲ್ಲೆಗಳೊಳಗಿನ ದ್ರಾಕ್ಷಾರಸಕ್ಕೆ ಬಳಸಬಹುದೆಂದು ಆಜ್ಞೆ ಹೊರಡಿಸಿದ. 1963ರಲ್ಲಿ ಇಟಲಿಯ ಗಣರಾಜ್ಯ ಇದೇ ತತ್ವವನ್ನು ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನು ಜಾರಿಗೆ ತಂದಿತು. ನಾನು ರುಚಿ ನೋಡಿದ ವೆರ್ನಾಚ್ಚಾಕ್ಕೆ 1966ರಲ್ಲಿ ಆ ಕಾನೂನಿನ ಮೊದಲ ಮನ್ನಣೆ ದೊರೆಯಿತು. 1980ರಲ್ಲಿ ಬರೋಲೊ ಮೊದಲಾದ ಕೆಲವಕ್ಕೆ ಇನ್ನೂ ಬಿಗಿಯಾದ, ಸರ್ಕಾರದ ಖಾತರಿಯನ್ನೊಳಗೊಂಡ ದರ್ಜೆ ಸಂದಿತು. ಬರೋಲೊ ಎಂದು ಸೀಸೆಯ ಮೇಲೆ ಬರೆಯಬೇಕಾದರೆ ಗೊತ್ತುಪಡಿಸಿದ ಹಳ್ಳಿಗಳಲ್ಲೇ ದ್ರಾಕ್ಷಿ ಬೆಳೆದಿರಬೇಕು. ನೆಬ್ಬಿಯೋಲೊ ತಳಿಯದೇ ಆಗಿರಬೇಕು. ಕನಿಷ್ಠ 38 ತಿಂಗಳು ಮಾಗಿರಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಕಳೆದಿರಬೇಕು. ಹೀಗೆ ಊರಿನ ಹೆಸರು ಬೆಳೆಗಾರನ ಪಾಲಿಗೆ ಆಸ್ತಿಯೂ ಹೌದು, ಹೊಣೆಯೂ ಹೌದು. ಒಬ್ಬ ಮೋಸ ಮಾಡಿದರೆ ಇಡೀ ಊರಿನ ಮಾನ ಹೋಗುತ್ತದೆಂಬ ಭಯ ಅಲ್ಲಿ ಪೊಲೀಸರಿಗಿಂತ ದೊಡ್ಡ ಕಾವಲು.

ಆದರೆ ಆ ಕಾವಲೂ ಒಮ್ಮೆ ಕೈಕೊಟ್ಟಿತು. 1986ರ ವಸಂತದಲ್ಲಿ, ಇದೇ ಪಿಯೆಮೊಂತೆಯ ವ್ಯಾಪಾರಿಗಳು ಅಗ್ಗದ ದ್ರಾಕ್ಷಾರಸದ ಮದ್ಯಾಂಶವನ್ನು ಹೆಚ್ಚಿಸಲು ಮೆಥನಾಲ್ ಎಂಬ ವಿಷ ಬೆರೆಸಿದರು. 23 ಮಂದಿ ಸತ್ತರು. ಹಲವರ ಕಣ್ಣು ಹೋಯಿತು. ಇಟಲಿಯ ದ್ರಾಕ್ಷಾರಸವೆಂದರೆ ಜಗತ್ತು ಹೆದರುವಂತಾಯಿತು, ರಫ್ತು ಕುಸಿಯಿತು. ಇಂಥದೊಂದು ದುರಂತ ನಮ್ಮಲ್ಲಿ ನಡೆದಿದ್ದರೆ ಮೊದಲ ಬೇಡಿಕೆ ಏನಾಗಿರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಇಟಲಿ ದ್ರಾಕ್ಷಾರಸವನ್ನು ನಿಷೇಧಿಸಲಿಲ್ಲ. ತಪಾಸಣೆಯನ್ನು ಬಿಗಿಗೊಳಿಸಿತು, 1992ರಲ್ಲಿ ಊರಿನ ಹೆಸರಿನ ಕಾನೂನನ್ನು ಹೊಸದಾಗಿ ರೂಪಿಸಿತು. ಹೆಚ್ಚು ಇಳುವರಿಗಿಂತ ಹೆಚ್ಚು ಗುಣಮಟ್ಟ ಎಂಬ ವಿವೇಕ ಬೆಳೆಗಾರರಲ್ಲಿ ಬೇರೂರಿತು. ವಿಷ ಹೊರಟ ಅದೇ ಪ್ರಾಂತದಲ್ಲಿ, ಅದೇ ವರ್ಷ, ಕಾರ್ಲೊ ಪೆತ್ರೀನಿ ಮತ್ತು ಗೆಳೆಯರು ಸ್ಥಳೀಯ ಆಹಾರ ಪಾನೀಯಗಳ ಸಂಘಟನೆಯೊಂದನ್ನು ಕಟ್ಟಿದರು. ‘ಸ್ಲೋ ಫುಡ್’ ಎಂದು ಇಂದು ಜಗತ್ತಿಗೇ ಪರಿಚಿತವಾದ ಚಳವಳಿ ಹುಟ್ಟಿದ್ದು ಅದರಿಂದಲೇ. ಕಲಬೆರಕೆ ಮಾಡಿದವನಿಗೆ ಶಿಕ್ಷೆ, ಪ್ರಾಮಾಣಿಕನಿಗೆ ರಕ್ಷೆ: ಆ ದೇಶ ಕಲಿತ ಪಾಠದ ಸಾರ ಇಷ್ಟೇ.

ಈಗ ನಮ್ಮ ರಾಜ್ಯದತ್ತ ನೋಡೋಣ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. ಕಳ್ಳಿಗೆ ಕ್ಲೋರಲ್ ಹೈಡ್ರೇಟ್‌ನಂಥ ರಾಸಾಯನಿಕ ಬೆರೆಸುವ ದಂಧೆಯ ಬಗ್ಗೆ ದೂರುಗಳಿದ್ದವು, ಅದೂ ಸುಳ್ಳಲ್ಲ. 2004ರಲ್ಲಿ ಸರ್ಕಾರ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಶೇಂದಿಯನ್ನು ನಿಷೇಧಿಸಿತು. ಈಚಲು ಮರವನ್ನು ನಂಬಿದ್ದ ಬಯಲುಸೀಮೆಯ ಕುಟುಂಬಗಳು ಕಸುಬು ಕಳೆದುಕೊಂಡವು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಎಷ್ಟೋ ಬಡಕುಟುಂಬಗಳ ಬೆನ್ನೆಲುಬು ಮುರಿದದ್ದನ್ನು ಕಂಡವರು ಅದಕ್ಕಾಗಿ ಕಣ್ಣೀರು ಹಾಕಬೇಕಾಗಿಲ್ಲ. ಆದರೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ನಿಷೇಧ ಬಾಯಾರಿಕೆಯನ್ನು ನಿಲ್ಲಿಸಲಿಲ್ಲ. ಅದನ್ನು ಕತ್ತಲೆಗೆ ತಳ್ಳಿತು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಸಾರಾಯಿಯನ್ನು ನಿಷೇಧಿಸಿದ ಅದೇ 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ಅದರ ಪ್ರೋತ್ಸಾಹಕ್ಕೆಂದೇ ದ್ರಾಕ್ಷಾರಸ ಮಂಡಳಿ ಬಂತು, ಉತ್ಸವಗಳು ನಡೆದವು, ಪ್ರತ್ಯೇಕ ಮಳಿಗೆಗಳಿಗೆ ಅವಕಾಶ ದೊರೆಯಿತು. ಇದರಿಂದ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಿದೆ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿ 1980ರ ದಶಕದ ಕೊನೆಯಲ್ಲಿ ಆರಂಭವಾದ ಪ್ರಯೋಗ ಇಂದು ಒಂದು ಉದ್ಯಮವಾಗಿ ಬೆಳೆದಿದೆ. ಹಂಪಿ ಸೀಮೆಯ ಗುಡ್ಡಗಳಲ್ಲಿ ಕಿಯಾಂತಿಯ ಮೂಲತಳಿಯಾದ ಸಾಂಜೊವೇಸೆ ದ್ರಾಕ್ಷಿಯನ್ನೇ ಬೆಳೆಯುತ್ತಿದ್ದಾರೆ. ನೆರೆಯ ಸೊಲ್ಲಾಪುರ ಜಿಲ್ಲೆಯ ಅಕ್ಲುಜ್‌ನಲ್ಲೂ ಇಟಲಿಯವರ ಸಹಭಾಗಿತ್ವದಲ್ಲಿ ಅದು ಬೇರೂರಿದೆ. ಸಂತೋಷ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶೇಕಡ ಹನ್ನೆರಡು ಹದಿಮೂರರಷ್ಟು ಮದ್ಯಾಂಶವಿರುವ ದ್ರಾಕ್ಷಾರಸ ‘ಸಂಸ್ಕೃತಿ’ಯಾಗುವುದಾದರೆ, ಅದರ ಅರ್ಧದಷ್ಟೂ ಅಮಲಿಲ್ಲದ ತಾಜಾ ಕಳ್ಳು ‘ಪಿಡುಗು’ ಆಗುವುದು ಹೇಗೆ? ಉತ್ತರ ಪಾನೀಯದಲ್ಲಿಲ್ಲ, ಯಾರು ಕುಡಿಯುತ್ತಾರೆ, ಯಾರು ಇಳಿಸುತ್ತಾರೆ ಎಂಬುದರಲ್ಲಿದೆ. ಗಾಜಿನ ಬಟ್ಟಲನ್ನು ಹಿಡಿದವನಿಗೆ ನಾವು ರಸಿಕನೆನ್ನುತ್ತೇವೆ; ಗಡಂಗಿನ ಬೆಂಚಿನಲ್ಲಿ ಕುಳಿತವನಿಗೆ ಕುಡುಕನೆನ್ನುತ್ತೇವೆ.

ಹೀಗೆ ಹೇಳುವಾಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಇನ್ನೊಂದು ಪರಂಪರೆಯನ್ನು ಮರೆಯುವಂತಿಲ್ಲ. 1430ರ ಸಾವಿರ ಕಂಬದ ಬಸದಿಯ ಮೂಡುಬಿದಿರೆ ಶತಮಾನಗಳಿಂದ ಜೈನರ ಪವಿತ್ರ ಕ್ಷೇತ್ರ. ಮದ್ಯವಿರಲಿ, ಜೇನನ್ನೂ ವರ್ಜ್ಯವೆಂದು ಬಗೆದ ಧರ್ಮ ಅದು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅದರೊಡನೆ ಬೆಳೆದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರೂರಿನಲ್ಲಿ ನಡೆದಿವೆ. ಕುಡಿತ ಬಿಟ್ಟ ಗಂಡನೊಡನೆ ಮನೆಗೆ ಮರಳಿದ ಹೆಣ್ಣುಮಕ್ಕಳ ಸಮಾಧಾನದ ಮುಖವನ್ನು ನಾನೂ ಕಂಡಿದ್ದೇನೆ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಕಳ್ಳು ಇಳಿಸುವುದೂ ಬೇಡ, ಮಾರುವುದೂ ಬೇಡ, ಕುಡಿಯುವುದೂ ಬೇಡ ಎಂದೇ ಬೋಧಿಸಿದವರು. ಪೂಜಾರಿ ಅಣ್ಣನ ಮನೆಯ ಗೋಡೆಯ ಮೇಲೆ ಗುರುಗಳ ಪಟವಿತ್ತು. ಅವರು ಜೀವನದಲ್ಲಿ ಒಂದು ಗುಟುಕನ್ನೂ ಕುಡಿದವರಲ್ಲ. ಮೂಸಿ, ನಾಲಿಗೆಗೆ ತಾಗಿಸಿ, ಉಗುಳುತ್ತಿದ್ದರು. ‘ಗುರುಗಳು ಹೇಳಿದ ಮೂರರಲ್ಲಿ ಒಂದನ್ನು ನಡೆಸಿದ್ದೇನೆ. ಉಳಿದ ಎರಡನ್ನು ಬಿಟ್ಟರೆ ಮಕ್ಕಳ ಹೊಟ್ಟೆಗೆ ಏನು?’ ಎಂದು ಒಮ್ಮೆ ಕೇಳಿದ್ದರು. ಆ ಪ್ರಶ್ನೆಗೆ ಅಂದು ನಮ್ಮ ತಂದೆಯ ಬಳಿ ಉತ್ತರವಿರಲಿಲ್ಲ. ಇಂದು ನನ್ನ ಬಳಿಯೂ ಇಲ್ಲ.

ಆದುದರಿಂದ ಈ ಬರಹ ಕುಡಿತದ ಪರವಾದ ವಕಾಲತ್ತಲ್ಲ. ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯದ ಗುರಿಯೆಂದು ಹೇಳುತ್ತದೆ. ಸರ್ಕಾರ ಆ ಗುರಿಯತ್ತ ಪ್ರಾಮಾಣಿಕವಾಗಿ ನಡೆದು ವಿಸ್ಕಿ, ಬಿಯರು, ದ್ರಾಕ್ಷಾರಸ, ಕಳ್ಳು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಆಕ್ಷೇಪಕ್ಕೆ ಎಡೆಯಿಲ್ಲ. ಆದರೆ ಖಜಾನೆಯ ದೊಡ್ಡ ಭಾಗವನ್ನು ಅಬಕಾರಿ ವರಮಾನದಿಂದ ತುಂಬಿಸಿಕೊಳ್ಳುತ್ತ, ಕಾರ್ಖಾನೆಯ ಮದ್ಯಕ್ಕೆ ಹೆದ್ದಾರಿ ತೆರೆದಿಟ್ಟು, ಮರದ ರಸಕ್ಕೆ ಮಾತ್ರ ನೀತಿಪಾಠ ಹೇಳುವುದನ್ನು ನ್ಯಾಯವೆನ್ನಲಾಗದು. ಕಳ್ಳು ಕೇವಲ ಅಮಲಿನ ವಸ್ತುವೂ ಅಲ್ಲ. ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಮದುವೆಗೂ ಕ್ರಿಸ್‌ಮಸ್ಸಿಗೂ ಮಾಡುವ ಸನ್ನ ಹೂವಿನಂತೆ ಉಬ್ಬುವುದು ಅದರಿಂದ. ಹುಳಿತ ಕಳ್ಳೇ ಅಡುಗೆಯ ವಿನಿಗರ್ ಆಗುತ್ತದೆ. ಪಾತ್ರೆಯ ಒಳಗೆ ಸುಣ್ಣ ಬಳಿದು ಹುದುಗದಂತೆ ಇಳಿಸಿದ ಸಿಹಿರಸವನ್ನು ಕಾಯಿಸಿದರೆ ಓಲೆಬೆಲ್ಲ. ಭೂತಾರಾಧನೆಯ ಎಡೆಯಲ್ಲೂ ಕಲಿಗೆ ಸ್ಥಾನವಿದೆ. ಒಂದು ಮರದ ಸುತ್ತ ಇಷ್ಟೆಲ್ಲ ಬದುಕು ಹೆಣೆದುಕೊಂಡಿರುವಾಗ, ಅದನ್ನು ಕೇವಲ ಅಬಕಾರಿ ಇಲಾಖೆಯ ಕಡತದಿಂದ ನೋಡುವುದು ಕುರುಡುತನ.

ಕಾನೂನಿನ ಅನುಮತಿಯಿರುವ ನಮ್ಮ ತಾಲೂಕುಗಳಲ್ಲಿ ಕಸುಬು ಸೊಂಪಾಗಿದೆಯೆಂದು ಯಾರೂ ತಿಳಿಯಬಾರದು. ಊರೂರಿನಲ್ಲಿ ಮೂರ್ತೆದಾರರ ಸಹಕಾರ ಸಂಘಗಳಿವೆ. ಅನೇಕ ಕಡೆ ಅವು ಚೆನ್ನಾಗಿ ನಡೆಯುತ್ತಲೂ ಇವೆ. ಆದರೆ ಮರ ಏರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮಳೆಗಾಲದಲ್ಲಿ ಜಾರುವ ಮರ, ಬಿದ್ದರೆ ಮುರಿಯುವ ಬೆನ್ನು, ಅದೆಲ್ಲಕ್ಕಿಂತ ಮಿಗಿಲಾಗಿ ಸಮಾಜದ ಓರೆನೋಟ. ಪೂಜಾರಿ ಅಣ್ಣನ ಮಗ ಬಿ.ಸಿ. ರೋಡಿನಲ್ಲಿ ಆಟೊ ಓಡಿಸುತ್ತಾನೆ. ‘ಮರ ಹತ್ತುವವನಿಗೆ ಹೆಣ್ಣು ಕೊಡುವವರಿಲ್ಲ, ಅಣ್ಣ’ ಎಂದು ಅವನು ನನಗೆ ಹೇಳಿದ್ದು ತಮಾಷೆಗಲ್ಲ. ಬರೋಲೊ ಹಳ್ಳಿಯ ದ್ರಾಕ್ಷಿ ತೋಟದ ಮಗನಿಗೆ ತಂದೆಯ ಕಸುಬು ಹೆಮ್ಮೆಯ ಉಯಿಲು. ಬಂಟ್ವಾಳದ ಮೂರ್ತೆದಾರನ ಮಗನಿಗೆ ಅದು ಮುಚ್ಚಿಡಬೇಕಾದ ಸಂಗತಿ. ಹೊಳೆಕರೆಯ ಮರಕ್ಕೂ ಗುಡ್ಡೆಯ ಮರಕ್ಕೂ ಇರುವ ಭೇದವನ್ನು ಮೂಗಿನಿಂದ ಹೇಳಬಲ್ಲ ಕೊನೆಯ ತಲೆಮಾರು ಕಣ್ಣೆದುರೇ ಕರಗುತ್ತಿದೆ. ಅವರು ಹೋದಮೇಲೆ ಬೇಡಿಕೆ ಉಳಿದು ಪೂರೈಕೆ ಇಲ್ಲವಾದಾಗ, ಆ ಜಾಗಕ್ಕೆ ಬರುವುದು ರಾಸಾಯನಿಕ ಬೆರೆಸಿದ ಬಿಳಿನೀರೇ.

ಇದನ್ನು ತಡೆಯಲು ಅಸಾಧ್ಯವಾದದ್ದೇನೂ ಬೇಕಾಗಿಲ್ಲ. ಮೂರ್ತೆದಾರರ ಸಂಘಗಳು ಮಾರುವ ಕಳ್ಳಿನ ಮೇಲೆ ಮರದ ಜಾತಿ, ಗ್ರಾಮದ ಹೆಸರು, ಇಳಿಸಿದ ಹೊತ್ತು ನಮೂದಾಗಲಿ. ತಾಲೂಕಿಗೊಂದರಂತೆ ಪರೀಕ್ಷಾ ಕೇಂದ್ರವಿದ್ದು, ಕಲಬೆರಕೆ ಸಾಬೀತಾದರೆ ಆ ಮಾರಾಟಗಾರನ ಪರವಾನಗಿ ಶಾಶ್ವತವಾಗಿ ರದ್ದಾಗಲಿ. ಗೋವಾ ತನ್ನ ಗೋಡಂಬಿ ಫೆನ್ನಿಗೆ 2009ರಲ್ಲೇ ಭೌಗೋಳಿಕ ಗುರುತು ಪಡೆದುಕೊಂಡಿತು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೂ, ಉಡುಪಿಯ ಮಟ್ಟುಗುಳ್ಳಕ್ಕೂ ಆ ಮನ್ನಣೆ ದೊರೆತಿದೆ. ತುಳುನಾಡಿನ ಕಳ್ಳು, ಓಲೆಬೆಲ್ಲ, ವಿನಿಗರ್‌ಗಳಿಗೆ ಅದನ್ನು ಕೇಳಲು ಹಿಂಜರಿಕೆ ಏಕೆ? ಮರ ಏರುವ ಪ್ರತಿಯೊಬ್ಬನಿಗೂ ವಿಮೆ ಕಡ್ಡಾಯವಾಗಲಿ. ಈಚಿನ ವರ್ಷಗಳಲ್ಲಿ ತೆಂಗು ಬೆಳೆಗಾರರ ಕಂಪನಿಗಳಿಗೆ ನೀರಾ ಇಳಿಸುವ ಅವಕಾಶ ದೊರೆತಿದೆ, ಒಳ್ಳೆಯದೇ. ಆದರೆ ಬಾಟಲಿಯ ಮೇಲೆ ಕಂಪನಿಯ ಹೆಸರಿ‌ರುವಷ್ಟೇ ಸ್ಪಷ್ಟವಾಗಿ ಇಳಿಸಿದವನ ಊರೂ ಇರಬೇಕು, ಲಾಭದಲ್ಲಿ ಅವನ ಪಾಲೂ ಇರಬೇಕು. ಜಾಹೀರಾತು ಬೇಡ, ಉತ್ಸವ ಬೇಡ, ಮಾರಾಟ ಹೆಚ್ಚಿಸುವ ಗುರಿಯಂತೂ ಬೇಡವೇ ಬೇಡ. ಹೆಚ್ಚಬೇಕಾದದ್ದು ಕುಡಿಯುವವರ ಸಂಖ್ಯೆಯಲ್ಲ. ಇಳಿಸುವವನ ಮರ್ಯಾದೆ ಮತ್ತು ಹೊಣೆ.

ಬೆಂಗಳೂರಿನಿಂದ ಊರಿಗೆ ಹೋದಾಗ ಪೂಜಾರಿ ಅಣ್ಣನನ್ನು ನೋಡಲು ಹೋಗಿದ್ದೆ. ವಯಸ್ಸಾಗಿದೆ, ಮರ ಏರುವುದನ್ನು ಬಿಟ್ಟು ವರ್ಷಗಳಾಗಿವೆ. ಜಗಲಿಯಲ್ಲಿ ಕುಳಿತು ಇಟಲಿಯ ಐದು ಬಟ್ಟಲುಗಳ ಕಥೆಯನ್ನು ಹೇಳಿದೆ. ಮಂಜಿನ ಹೆಸರಿನ ದ್ರಾಕ್ಷಿ, ಮೂರು ವರ್ಷ ಕಾಯುವ ಪೀಪಾಯಿ, ಸೀಸೆಯ ಮೇಲಿನ ಹಳ್ಳಿಯ ಹೆಸರು ಎಲ್ಲವನ್ನೂ ಕೇಳಿಸಿಕೊಂಡರು. ಉಗುಳುವ ಪಾತ್ರೆಯ ಸಂಗತಿ ಬಂದಾಗ ಮಾತ್ರ ನಕ್ಕರು. ‘ಹಾಗಾದರೆ ಅವರೂ ನನ್ನ ಹಾಗೆಯೇ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರ ಸೀಸೆಯಲ್ಲಿ ಇಳಿಸಿದವನ ಊರು ಬರೆದಿರ್ತದೆ ಅಂದಿರಲ್ಲ, ಅದು ನಿಜವಾ?’ ಎಂದು ಕೇಳಿದರು. ನಿಜ ಎಂದೆ. ಅವರು ಮತ್ತೇನೂ ಹೇಳದೆ, ಅಂಗಳದಾಚೆಯ ತೆಂಗಿನ ಮರದ ತುದಿಯನ್ನು ನೋಡುತ್ತ ಕುಳಿತರು.